ನೀಲಿ ಪರದೆ ಕಂಡೊಡನೆ ಮಕ್ಕಳನ್ನು ಬೈಯಬೇಡಿ

ಭಾಲ್ಕಿಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗವಿದು. ರಾತ್ರಿ ಹತ್ತು ಗಂಟೆ. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿದ್ದಾನೆ. ನಾಡಿದ್ದು ಅದನ್ನು ಕಾಲೇಜಿಗೆ ಒಪ್ಪಿಸಬೇಕು. ಇದ್ದಕ್ಕಿದ್ದಂತೆ ಪರದೆಯೆಲ್ಲ ನೀಲಿ. ಅದರ ಮೇಲೆ ನಾಲ್ಕು ಸಾಲು ಇಂಗ್ಲಿಷು. ಅದನ್ನು ಓದಿ ಮುಗಿಸುವಷ್ಟರಲ್ಲಿ ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಕೊನೆಯ ಅರ್ಧ ಗಂಟೆಯ ಕೆಲಸ ಮಾಯ.

“ಆಟ ಆಡಿ ಆಡಿ ಕೆಡಿಸಿಟ್ಟಿ ನೋಡು” ಎಂದು ಅಪ್ಪನ ಗದರಿಕೆ. “ನಾ ಏನೂ ಮಾಡಿಲ್ಲಪ್ಪಾ, ತಾನೇ ಬಂದ್ ಬಿತ್ತು” ಎಂದು ಮಗನ ಅಳಲು. ಮರುದಿನ ಕಂಪ್ಯೂಟರ್ ಅಂಗಡಿಗೆ ಹೋದರೆ ಅಲ್ಲಿ ಒಂದೇ ಮಾತು: “ಫಾರ್ಮ್ಯಾಟ್ ಹೊಡೀಬೇಕ್ರೀ.” ಫಾರ್ಮ್ಯಾಟ್ ಆಗುತ್ತದೆ. ವರದಿ ಹೋಯಿತು, ಅಕ್ಕನ ಮದುವೆಯ ಫೋಟೋ ಹೋದವು, ಕೈಯಿಂದ ಹಣವೂ ಹೋಯಿತು. ನಾಲ್ಕು ದಿನ ಎಲ್ಲ ಸರಿಯಾಗಿರುತ್ತದೆ. ಐದನೆಯ ದಿನ ಮತ್ತೆ ಅದೇ ನೀಲಿ ಪರದೆ!

ಈ ಪ್ರಸಂಗದಲ್ಲಿ ತಪ್ಪು ಮಗನದೂ ಅಲ್ಲದಿರಬಹುದು, ಯಂತ್ರದ್ದೂ ಅಲ್ಲದಿರಬಹುದು. ಇಂಥ ಅನೇಕ ಪ್ರಕರಣಗಳಲ್ಲಿ ನಿಜವಾದ ಅಪರಾಧಿ ಯಂತ್ರಕ್ಕೂ ವಿಂಡೋಸ್‌ಗೂ ನಡುವೆ ಕುಳಿತ ಒಂದು ಚಿಕ್ಕ ತಂತ್ರಾಂಶ. ಅದರ ಹೆಸರು ಡ್ರೈವರ್. ಅದನ್ನು ಪತ್ತೆ ಹಚ್ಚಲು ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಸ್ವಲ್ಪ ತಾಳ್ಮೆ. 1982ರಿಂದ ಇಂಜಿನಿಯರಿಂಗ್ ಕಾಲೇಜು ಇರುವ ಭಾಲ್ಕಿಯಲ್ಲಿ ಲ್ಯಾಪ್‌ಟಾಪ್ ಈಗ ಪಠ್ಯಪುಸ್ತಕದಷ್ಟೇ ಸಾಮಾನ್ಯ ವಸ್ತು. ಆದ್ದರಿಂದ ಈ ವಿದ್ಯೆ ವಿದ್ಯಾರ್ಥಿಗೂ ಬೇಕು, ಹಣ ಕೊಟ್ಟು ಯಂತ್ರ ಕೊಡಿಸಿದ ಪಾಲಕರಿಗೂ ಬೇಕು.

ಡ್ರೈವರ್ ಎಂಬ ದುಭಾಷಿ

ಡ್ರೈವರ್ ಎಂದರೇನು? ಬೀದರ್ ಸೀಮೆಯವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ರೈತ, ಉರ್ದು ಬಾರದಿದ್ದರೆ, ಕಚೇರಿಯ ಕೆಲಸಕ್ಕೆ ಅರ್ಜಿ ಬರೆದುಕೊಡುವವರ ನೆರವು ಪಡೆಯಬೇಕಿತ್ತು. ಹಾಗೆ ಬರೆಯುವವನು ಹೊಲದ ಸರ್ವೆ ನಂಬರನ್ನು ತಪ್ಪು ಬರೆದನೆನ್ನಿ. ರೈತನ ಮಾತು ಸರಿಯಾಗಿಯೇ ಇದೆ, ಅಧಿಕಾರಿಯೂ ಓದಿದ್ದು ಸರಿಯಾಗಿಯೇ. ಆದರೂ ಕೆಲಸ ಕೆಡುತ್ತದೆ.

ಗಣಕದಲ್ಲಿ ಪರದೆಯ ಗ್ರಾಫಿಕ್ಸ್, ಧ್ವನಿ, ವೈಫೈ, ಕ್ಯಾಮೆರಾ, ಟಚ್‌ಪ್ಯಾಡ್ ಇವೆಲ್ಲ ಬೇರೆ ಬೇರೆ ಕಂಪನಿಗಳು ಮಾಡಿದ ಭಾಗಗಳು. ಒಂದೊಂದರ ಭಾಷೆ ಒಂದೊಂದು ಬಗೆ. ವಿಂಡೋಸ್‌ಗೆ ಅವೆಲ್ಲವೂ ನೇರವಾಗಿ ತಿಳಿಯುವುದಿಲ್ಲ. “ಈ ಚಿತ್ರ ತೋರಿಸು”, “ಈ ಹಾಡು ನುಡಿಸು” ಎಂಬ ಅದರ ಆಜ್ಞೆಯನ್ನು ಆಯಾ ಭಾಗದ ಭಾಷೆಗೆ ತಿರುಗಿಸುವ ದುಭಾಷಿಯೇ ಡ್ರೈವರ್. ಸಾಮಾನ್ಯವಾಗಿ ಅದನ್ನು ಬರೆಯುವವರು ಆಯಾ ಭಾಗವನ್ನು ತಯಾರಿಸಿದ ಕಂಪನಿಯವರು.

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ವರ್ಡ್, ಬ್ರೌಸರ್ ಮುಂತಾದ ತಂತ್ರಾಂಶಗಳು ಕಚೇರಿಯ ಹೊರಗಿನ ಜಗಲಿಯಲ್ಲಿ ಕುಳಿತವುಗಳಂತೆ. ಅವು ಎಡವಿದರೆ ಅವು ಮಾತ್ರ ಮುಚ್ಚಿಕೊಳ್ಳುತ್ತವೆ, ಉಳಿದ ಕೆಲಸ ನಡೆದೇ ಇರುತ್ತದೆ. ಬಹುತೇಕ ಡ್ರೈವರ್‌ಗಳು ಹಾಗಲ್ಲ. ಅವುಗಳಿಗೆ ಸಾಹೇಬರ ಕೊಠಡಿಯೊಳಗೇ ಕುರ್ಚಿ. ವಿಂಡೋಸ್‌ನ ಈ ಒಳಕೋಣೆಗೆ ಕರ್ನಲ್ ಎಂದು ಹೆಸರು. ಅಲ್ಲಿರುವ ಡ್ರೈವರ್ ತನ್ನದಲ್ಲದ ಮೆಮೊರಿಯ ಜಾಗಕ್ಕೆ ಕೈಹಾಕಿದರೆ, ಇನ್ನು ಏನೇನು ಕೆಟ್ಟಿದೆಯೋ ಎಂದು ಹೇಳಲಾಗದು. ಹಾಗೇ ಮುಂದುವರಿದರೆ ಡಿಸ್ಕಿನಲ್ಲಿರುವ ಕಡತಗಳೂ ಹಾಳಾಗಬಹುದು. ಆದ್ದರಿಂದ ವಿಂಡೋಸ್ ಎಲ್ಲ ಕೆಲಸವನ್ನೂ ತಾನೇ ನಿಲ್ಲಿಸಿಬಿಡುತ್ತದೆ. ನೀಲಿ ಪರದೆಯೆಂದರೆ ಯಂತ್ರದ ಸಾವಲ್ಲ, ಅಪಾಯ ಹೆಚ್ಚದಿರಲೆಂದು ಅದು ತನಗೆ ತಾನೇ ಹಾಕಿಕೊಂಡ ಬ್ರೇಕು. 2025ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಈ ಪರದೆಯ ಬಣ್ಣ ಕಪ್ಪಾಯಿತು. ಬಣ್ಣ ಬದಲಾದರೂ ಅದರ ಅರ್ಥ ಬದಲಾಗಿಲ್ಲ.

ದೊಡ್ಡವರಿಗೂ ತಪ್ಪಿದ್ದಲ್ಲ

ಇದು ಬಡ ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಬರುವ ಕಾಯಿಲೆಯಲ್ಲ. 1998ರ ಏಪ್ರಿಲ್ 20ರಂದು ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ವಿಂಡೋಸ್ 98ನ್ನು ಪರಿಚಯಿಸುತ್ತಿದ್ದರು. ಹೊಸ ಸಾಧನವನ್ನು ಜೋಡಿಸಿದೊಡನೆ ಗಣಕ ಅದನ್ನು ತಾನೇ ಗುರುತಿಸುತ್ತದೆ ಎಂದು ತೋರಿಸಲು ಸಹಾಯಕರು ಸ್ಕ್ಯಾನರ್ ಒಂದನ್ನು ಚುಚ್ಚಿದರು. ತುಂಬಿದ ಸಭೆಯ ಎದುರು ಬಂದದ್ದು ನೀಲಿ ಪರದೆ. ಗೇಟ್ಸ್ ಕೂಡ ಸಭೆಯೊಂದಿಗೆ ನಗಬೇಕಾಯಿತು.

2007ರಲ್ಲಿ ವಿಂಡೋಸ್ ವಿಸ್ಟಾ ಬಂತು. ಅದರಲ್ಲಿ ಗ್ರಾಫಿಕ್ಸ್ ಡ್ರೈವರ್‌ಗಳ ವಿಧಾನವೇ ಹೊಸದು. ಕಂಪನಿಗಳು ತಮ್ಮ ಡ್ರೈವರ್‌ಗಳನ್ನು ಹೊಸದಾಗಿ ಬರೆಯಬೇಕಾಯಿತು. ಮುಂದೆ 2008ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್‌ನ ಒಳಪತ್ರಗಳು ಹೊರಬಿದ್ದವು. ಅವುಗಳ ಪ್ರಕಾರ 2007ರಲ್ಲಿ ಲೆಕ್ಕಕ್ಕೆ ಸಿಕ್ಕ ವಿಸ್ಟಾ ಕುಸಿತಗಳಲ್ಲಿ ಶೇ 28ಕ್ಕೂ ಹೆಚ್ಚು ಎನ್‌ವಿಡಿಯಾ ಡ್ರೈವರ್‌ಗಳಿಂದ ಆದವು. ಮೈಕ್ರೋಸಾಫ್ಟ್‌ನದೇ ತಪ್ಪಿನಿಂದ ಆದವು ಸುಮಾರು ಶೇ 18.

ತೀರ ಈಚಿನ ಉದಾಹರಣೆ ಕರ್ನಾಟಕದವರೇ ಕಂಡದ್ದು. 2024ರ ಜುಲೈ 19, ಶುಕ್ರವಾರ ಬೆಳಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಲವು ವಿಮಾನ ಸಂಸ್ಥೆಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಉದ್ದುದ್ದ ಸಾಲು ಬೆಳೆಯಿತು. ಹೈದರಾಬಾದ್ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು.

ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶ. ಅದು ಯಂತ್ರದ ಯಾವ ಭಾಗಕ್ಕೂ ಸಂಬಂಧಿಸಿದ ಡ್ರೈವರ್ ಅಲ್ಲ, ಆದರೆ ಡ್ರೈವರ್‌ನಂತೆಯೇ ಕರ್ನಲ್ ಒಳಗೆ ಕುಳಿತದ್ದು. ಅಂದು ಭಾರತೀಯ ಕಾಲಮಾನ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಅದಕ್ಕೊಂದು ಹೊಸ ಕಡತ ಬಂತು. ಇದ್ದದ್ದು 20 ಮೌಲ್ಯಗಳು, ಆ ಕಡತ ಓದಲು ಹೇಳಿದ್ದು 21ನೆಯದನ್ನು! 20 ಮಕ್ಕಳಿರುವ ತರಗತಿಯಲ್ಲಿ ಮೇಷ್ಟ್ರು 21ನೆಯ ಹಾಜರಿ ಕರೆದಂತೆ. ಇಲ್ಲದ ಜಾಗಕ್ಕೆ ಕೈಹಾಕಿತು, ವಿಂಡೋಸ್ ಬ್ರೇಕು ಹಾಕಿತು. ಕಂಪನಿ ಸುಮಾರು 78 ನಿಮಿಷಗಳಲ್ಲಿ ತಪ್ಪನ್ನು ಹಿಂತೆಗೆದುಕೊಂಡರೂ ಆಗಲೇ ನಿಂತುಹೋಗಿದ್ದ ಅನೇಕ ಯಂತ್ರಗಳ ಮುಂದೆ ಮನುಷ್ಯರೇ ಕುಳಿತು, ಸೇಫ್ ಮೋಡ್‌ನಲ್ಲಿ ಶುರುಮಾಡಿ, ಆ ಒಂದು ಕಡತವನ್ನು ಅಳಿಸಬೇಕಾಯಿತು.

ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಆ ದಿನ ಯಂತ್ರಗಳು ನಿಂತವೆಂದು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ಎಂದು ತಿಳಿದವರು ಹೇಳಲಿಲ್ಲ. ಕೆಟ್ಟದ್ದು ಯಾವುದು ಎಂದು ಹುಡುಕಿದರು, ಅದೊಂದನ್ನೇ ತೆಗೆದರು. ಮನೆಯ ಗಣಕಕ್ಕೂ ಇದೇ ದಾರಿ.

ಮೊದಲು ನೋಟ್‌ಬುಕ್, ಆಮೇಲೆ ಮೌಸ್

ಕುಸಿತ ಯಾವಾಗ ಬರುತ್ತದೆಂದು ತಿಳಿಯದಿರುವುದೇ ಈ ಕಾಯಿಲೆಯ ಕಷ್ಟ. ಆದರೆ ನಾಲ್ಕಾರು ಸಲ ಬಂದದ್ದನ್ನು ಬರೆದಿಟ್ಟರೆ ಅದರಲ್ಲೊಂದು ಕ್ರಮ ಕಾಣತೊಡಗುತ್ತದೆ. ತಾರೀಖು, ಗಂಟೆ, ಆಗ ಮಾಡುತ್ತಿದ್ದ ಕೆಲಸ, ಜೋಡಿಸಿದ್ದ ಸಾಧನಗಳು, ಪರದೆಯಲ್ಲಿ ಕಂಡ ಸಂಕೇತ: ಈ ಐದನ್ನು ಪ್ರತಿ ಸಲವೂ ಬರೆಯಬೇಕು. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದರೆ ಇನ್ನೂ ಒಳ್ಳೆಯದು.

ವಿಡಿಯೋ ನೋಡುವಾಗ ಅಥವಾ ಆಟ ಆಡುವಾಗ ಮಾತ್ರ ನಿಲ್ಲುತ್ತದೆಯೇ? ಗ್ರಾಫಿಕ್ಸ್ ಮೇಲೆ ಅನುಮಾನ. ಇಂಟರ್‌ನೆಟ್ ಜೋಡಿಸಿದಾಗ ಮಾತ್ರವೇ? ವೈಫೈ ಮೇಲೆ. ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದಾಗ ಮಾತ್ರವೇ? ನಿದ್ದೆಯಿಂದ ಸರಿಯಾಗಿ ಏಳದ ಯಾವುದೋ ಡ್ರೈವರ್ ಮೇಲೆ. 2021ರ ಮಾರ್ಚ್‌ನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಒಂದು ಬಂದ ಬಳಿಕ ಕೆಲವು ಪ್ರಿಂಟರ್‌ಗಳಿಗೆ ಕೆಲಸ ಕೊಟ್ಟಾಗ ನೀಲಿ ಪರದೆ ಬರುತ್ತಿತ್ತು. ‘ಪ್ರಿಂಟ್ ಒತ್ತಿದಾಗ ಮಾತ್ರ’ ಎಂಬ ಒಂದು ಸಾಲೇ ಅಲ್ಲಿ ದಾರಿ ತೋರಿಸಬಲ್ಲದು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಿದ್ದಿತು.

ಪರದೆ ಬೇಗ ಮಾಯವಾಗಿ ಓದಲಾಗದಿದ್ದರೆ ಅದಕ್ಕೂ ಉಪಾಯವುಂಟು. ಕಂಟ್ರೋಲ್ ಪ್ಯಾನಲ್‌ನ ಸಿಸ್ಟಂ ವಿಭಾಗದಲ್ಲಿ ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಮುಂದಿನ ಗುರುತನ್ನು ತೆಗೆಯಿರಿ. ಆಮೇಲೆ ನೀವಾಗಿ ಬಂದ್ ಮಾಡುವವರೆಗೆ ಪರದೆ ನಿಂತೇ ಇರುತ್ತದೆ.

ಸಂಕೇತ ಏನು ಹೇಳುತ್ತದೆ?

ಪರದೆಯ ಕೆಳಭಾಗದಲ್ಲಿ ‘ಸ್ಟಾಪ್ ಕೋಡ್’ ಎಂಬ ಸಾಲು ಇರುತ್ತದೆ. ಅದರಲ್ಲಿ ‘ಡ್ರೈವರ್’ ಎಂಬ ಪದವೇ ಇದ್ದರೆ ಅನುಮಾನ ನೇರವಾಗಿ ಅತ್ತ ಕಡೆ. ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಎಂದಿದ್ದರೆ ಗ್ರಾಫಿಕ್ಸ್ ಭಾಗ ಕೇಳಿದ್ದಕ್ಕೆ ಸಕಾಲದಲ್ಲಿ ಉತ್ತರ ಕೊಡಲಿಲ್ಲವೆಂದು ಅರ್ಥ. ‘ವ್ಹಿಯಾ ಅನ್‌ಕರೆಕ್ಟಬಲ್ ಎರರ್’ ಎಂದಿದ್ದರೆ ಸಾಮಾನ್ಯವಾಗಿ ಯಂತ್ರಭಾಗದಲ್ಲೇ ದೋಷ ಇರಬಹುದು.

ಕೆಲವೊಮ್ಮೆ ಕಡತದ ಹೆಸರೂ ಕಾಣುತ್ತದೆ. ಅದರ ಕೊನೆಯಲ್ಲಿ ‘ಎಸ್‌ವೈಎಸ್’ ಎಂದಿದ್ದರೆ ಅದು ಬಹುಮಟ್ಟಿಗೆ ಡ್ರೈವರ್. ಹೆಸರು ‘ಎನ್‌ವಿಎಲ್’ ಎಂದು ಆರಂಭವಾದರೆ ಎನ್‌ವಿಡಿಯಾ ಗ್ರಾಫಿಕ್ಸ್, ‘ಐಜಿಡಿ’ ಎಂದು ಆರಂಭವಾದರೆ ಇಂಟೆಲ್ ಗ್ರಾಫಿಕ್ಸ್. ‘ಎನ್‌ಟಿಓಎಸ್‌ಕೆಆರ್‌ಎನ್‌ಎಲ್’ ಎಂದು ಕಂಡರೆ ಗಾಬರಿ ಬೇಡ. ಅದು ವಿಂಡೋಸ್‌ನ ಕರ್ನಲ್‌. ಅನೇಕ ಸಲ ಅದು ಪೆಟ್ಟು ತಿಂದವನೇ ಹೊರತು ಹೊಡೆದವನಲ್ಲ.

ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ದಿನದಿನದ ಇತಿಹಾಸದ ಪುಟ ಸಿಗುತ್ತದೆ. ಕುಸಿತವಾದ ದಿನಕ್ಕೆ ಕೆಂಪು ಗುರುತು. ಮೊದಲ ಕೆಂಪು ಗುರುತಿನ ಹಿಂದಿನ ಒಂದೆರಡು ದಿನಗಳಲ್ಲಿ ಏನು ಹೊಸದಾಗಿ ಸೇರಿತು ಎಂದು ನೋಡಿ. ಕಳ್ಳ ಬಂದ ದಿನ ಮನೆಗೆ ಯಾರ್ಯಾರು ಬಂದಿದ್ದರು ಎಂದು ಕೇಳಿದ ಹಾಗೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಏನನ್ನಾದರೂ ಮುಟ್ಟುವ ಮೊದಲು ಪ್ರಾಜೆಕ್ಟ್, ಅಂಕಪಟ್ಟಿಯ ಪ್ರತಿ, ಫೋಟೋ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇದು ಮೊದಲ ಹೆಜ್ಜೆ, ಇದನ್ನು ಬಿಟ್ಟು ಎರಡನೆಯದಕ್ಕೆ ಹೋಗಬಾರದು.

ಎರಡನೆಯದಾಗಿ, ಹೊರಗಿನಿಂದ ಚುಚ್ಚಿದ ಪ್ರಿಂಟರ್, ವೈಫೈ ಡಾಂಗಲ್, ಹೆಡ್‌ಫೋನ್ ಎಲ್ಲವನ್ನೂ ತೆಗೆದು ಎರಡು ದಿನ ಬಳಸಿ ನೋಡಿ. ಕುಸಿತ ನಿಂತರೆ ಒಂದೊಂದನ್ನಾಗಿ ಮತ್ತೆ ಜೋಡಿಸಿ. ಯಾವುದು ಬಂದಾಗ ಕಾಯಿಲೆ ಮರಳಿತೋ ಅಪರಾಧಿ ಅದು.

ಮೂರನೆಯದು ಸೇಫ್ ಮೋಡ್. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಸಾಗಿ, ಮತ್ತೆ ರೀಸ್ಟಾರ್ಟ್ ಆದ ಮೇಲೆ 4ನ್ನು ಒತ್ತಬೇಕು. ಆಗ ವಿಂಡೋಸ್ ತೀರ ಅಗತ್ಯವಾದ ಡ್ರೈವರ್‌ಗಳನ್ನಷ್ಟೇ ಕರೆದುಕೊಂಡು ಏಳುತ್ತದೆ. ಪದೇ ಪದೇ ನಿಲ್ಲುತ್ತಿದ್ದ ಯಂತ್ರ ಇಲ್ಲಿ ಗಂಟೆಗಟ್ಟಲೆ ನಿಲ್ಲದೆ ನಡೆದರೆ, ಹೊರಗುಳಿದ ಡ್ರೈವರ್‌ಗಳಲ್ಲೊಂದು ಅಥವಾ ಹೊಸದಾಗಿ ಹಾಕಿದ ತಂತ್ರಾಂಶ ಕೆಟ್ಟಿದೆ ಎನ್ನಲು ಅದು ಒಳ್ಳೆಯ ಸಾಕ್ಷಿ.

ನಾಲ್ಕನೆಯದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅದರ ಹೆಸರು ಕಾಣುತ್ತದೆ. ಅನುಮಾನದ ಭಾಗವನ್ನು ಆರಿಸಿ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ವಿಭಾಗಕ್ಕೆ ಹೋದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿಯಿರುತ್ತದೆ. ಹೊಸ ಡ್ರೈವರ್ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಇದರಿಂದ ಹಳೆಯದಕ್ಕೆ ಮರಳಬಹುದು. ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲವೆಂದು ಅರ್ಥ. ಆಗ ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆಯನ್ನೇ ಕೊಟ್ಟು ಸರಿಯಾದ ಡ್ರೈವರ್ ಇಳಿಸಿಕೊಳ್ಳಿ. ಮಾದರಿಯ ಸಂಖ್ಯೆ ಸಾಮಾನ್ಯವಾಗಿ ಯಂತ್ರದ ಅಡಿಯ ಚೀಟಿಯಲ್ಲಿರುತ್ತದೆ.

ಒಂದು ಬದಲಾವಣೆ ಮಾಡಿದ ಮೇಲೆ ಎರಡು ಮೂರು ದಿನ ಕಾಯಬೇಕು. ಅವಸರದಲ್ಲಿ ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಕಾಯಿಲೆ ವಾಸಿಯಾದರೂ ಯಾವ ಔಷಧಿಯಿಂದ ಎಂದು ತಿಳಿಯದು. ಮತ್ತೆ ಬಂದಾಗ ಮೊದಲಿಂದ ಶುರು.

ಫಾರ್ಮ್ಯಾಟ್ ಏಕೆ ಸಾಲದು?

ಈಗ ಆರಂಭದ ಪ್ರಶ್ನೆಗೆ ಬರೋಣ. ಫಾರ್ಮ್ಯಾಟ್ ಮಾಡಿದ ಮೇಲೂ ನೀಲಿ ಪರದೆ ಏಕೆ ಮರಳಿತು? ಫಾರ್ಮ್ಯಾಟ್ ಆದ ಯಂತ್ರಕ್ಕೆ ಮತ್ತೆ ಡ್ರೈವರ್‌ಗಳು ಬೇಕು. ನೂರಾರು ಮಾದರಿಗಳಿಗೆ ಹೊಂದುವಂತೆ ಒಟ್ಟುಗೂಡಿಸಿದ ಡ್ರೈವರ್ ಪ್ಯಾಕನ್ನು ಅಂಗಡಿಯಲ್ಲಿ ಪೆನ್‌ಡ್ರೈವಿನಿಂದ ಹಾಕಿದರೆ, ಅಥವಾ ಇಂಟರ್‌ನೆಟ್ ಸಿಕ್ಕೊಡನೆ ವಿಂಡೋಸ್ ಅಪ್‌ಡೇಟ್ ಅದೇ ಆವೃತ್ತಿಯನ್ನು ತಂದರೆ, ಹೊರಗೆ ಹಾಕಿದವನೇ ಹಿತ್ತಿಲ ಬಾಗಿಲಿನಿಂದ ಒಳಬಂದಂತೆ. ಯಂತ್ರ ಹೊಸದಾಯಿತು, ದುಭಾಷಿ ಹಳಬನೇ.

ಅಂಗಡಿಯವರನ್ನು ದೂರಿ ಫಲವಿಲ್ಲ. ಯಾವಾಗ ಬರುತ್ತದೆಂದು ತಿಳಿಯದ ಕಾಯಿಲೆಯನ್ನು ಹತ್ತು ನಿಮಿಷದಲ್ಲಿ ಗುರುತಿಸಲು ಅವರಿಗೂ ಆಗದು. ಗಿರಾಕಿ “ಕೆಟ್ಟದ ರೀ” ಎಂದಷ್ಟೇ ಹೇಳಿದರೆ ಅವರಿಗೆ ಉಳಿಯುವ ದಾರಿ ಫಾರ್ಮ್ಯಾಟ್ ಒಂದೇ. ಅದರ ಬದಲು “ಹದಿನೈದು ದಿನದಾಗ ಆರು ಸಲ ಆಗೇದ ರೀ, ಐದು ಸಲ ವಿಡಿಯೋ ನೋಡಾಗ, ಕೋಡ್ ಇದು” ಎಂದು ನೋಟ್‌ಬುಕ್ ಮುಂದಿಟ್ಟರೆ ಅವರ ಕೆಲಸವೂ ಸುಲಭ, ಖರ್ಚೂ ಕಡಿಮೆ. ಸರ್ವಿಸ್‌ಗೆಂದು ಬೀದರ್‌ಗೋ ಹೈದರಾಬಾದ್‌ಗೋ ಯಂತ್ರ ಒಯ್ಯಬೇಕಾದಾಗಲಂತೂ ಈ ನೋಟ್‌ಬುಕ್ ಒಂದು ಓಡಾಟವನ್ನು ಉಳಿಸಬಹುದು.

ಎಲ್ಲಕ್ಕೂ ಡ್ರೈವರ್ ಕಾರಣವಲ್ಲ

ಪ್ರತಿ ಸಲವೂ ಬೇರೆ ಬೇರೆ ಸಂಕೇತ, ಬೇರೆ ಬೇರೆ ಕಡತದ ಹೆಸರು ಬರುತ್ತಿದ್ದರೆ ಮೆಮೊರಿ, ಅಂದರೆ ರ್‍ಯಾಮ್ ಮೇಲೆ ಅನುಮಾನ ಪಡಬೇಕು. ವಿಂಡೋಸ್‌ನಲ್ಲಿಯೇ ‘ಮೆಮೊರಿ ಡಯಾಗ್ನೋಸ್ಟಿಕ್’ ಎಂಬ ಪರೀಕ್ಷೆಯಿದೆ. ರಾತ್ರಿ ಊಟಕ್ಕೆ ಹೋಗುವಾಗ ಅದನ್ನು ಹಚ್ಚಿಟ್ಟರೆ ಆಯಿತು. ನೀಲಿ ಪರದೆಯೇ ಬಾರದೆ ಸ್ವಿಚ್ ತೆಗೆದಂತೆ ಪಟ್ಟನೆ ಆರಿಹೋದರೆ ವಿದ್ಯುತ್ ಪೂರೈಕೆ, ಬ್ಯಾಟರಿ ಅಥವಾ ಬಿಸಿಯ ಕಡೆ ನೋಡಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮಾತ್ರ ಹೀಗಾಗುತ್ತಿದ್ದರೆ ಫ್ಯಾನಿಗೆ ಧೂಳು ಕಟ್ಟಿರಬಹುದು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ದಾರಿ ಮುಚ್ಚುವುದು ಒಳ್ಳೆಯದಲ್ಲ.

ಇನ್ನು ಒಂದೆರಡು ಎಚ್ಚರಿಕೆ. “ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಸರಿಮಾಡುತ್ತೇವೆ” ಎಂಬ ಜಾಹೀರಾತಿನ ತಂತ್ರಾಂಶಗಳಿಂದ ದೂರವಿರಿ. ಒಂದು ದುಭಾಷಿ ಕೆಟ್ಟಿದ್ದಕ್ಕೆ ಎಲ್ಲರನ್ನೂ ಬದಲಿಸಿ, ಇಲ್ಲದ ತೊಂದರೆಯನ್ನು ಅವು ತರಬಹುದು. ಕೆಲವನ್ನು ಹಾಕಿಕೊಂಡರೆ ವೈರಸ್ಸೂ ಜೊತೆಗೆ ಬರುತ್ತದೆ. ಹಾಗೆಯೇ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಸುವ ಮೊದಲು ನಿಮ್ಮ ಮಾದರಿಗೆ ಕಂಪನಿ ಡ್ರೈವರ್ ಕೊಟ್ಟಿದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ.

ಪಾಲಕರಿಗೊಂದು ಮಾತು. ಆಟ ಆಡುವಾಗ ಯಂತ್ರ ನಿಂತರೆ ಆಟವೇ ಅದನ್ನು ಕೆಡಿಸಿತು ಎಂದಲ್ಲ. ಆಟ ಗ್ರಾಫಿಕ್ಸ್ ಭಾಗಕ್ಕೆ ಹೆಚ್ಚು ಕೆಲಸ ಕೊಟ್ಟಿತು, ಮೊದಲೇ ಇದ್ದ ದೋಷ ಹೊರಬಿತ್ತು, ಅಷ್ಟೇ ಇರಬಹುದು. ಮಕ್ಕಳು ಎಷ್ಟು ಹೊತ್ತು ಆಡಬೇಕೆಂಬುದು ಬೇರೆಯೇ ಚರ್ಚೆ. ಎರಡನ್ನೂ ಕಲಸಿ ಬೈದರೆ, ಮುಂದಿನ ಸಲ ನೀಲಿ ಪರದೆ ಬಂದಾಗ ಮಗ ಅದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ದೋಷವನ್ನು ಯಾವ ತಜ್ಞನೂ ಹುಡುಕಲಾರ.

“ಏನ್ ಮಾಡಿದಿ?” ಎಂದು ಗದರುವ ಬದಲು “ಏನ್ ಮಾಡಾಗ ಬಂದ್ ಬಿತ್ತು? ಬರದಿಡು” ಎಂದು ಕೇಳಿದರೆ ಸಾಕು. ಅಪ್ಪನಿಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ, ನೋಟ್‌ಬುಕ್ಕಿನ ಮೊದಲ ಸಾಲನ್ನು ಅವನೇ ಬರೆಯಬಹುದು.